ನಾನೇ ಬರ್ದಿರೋ ಓಬಿಡಿ ಸಾಫ್ಟ್‌ವೇರು ಗಾಡೀಲಿ ಇಲ್ದಿರೋ ಸೆನ್ಸರ್‌ದು ಕೋಡ್ ತೋರಿಸ್ತಾ ಐತೆ, ಲಾಗ್ ಕೂಡ ಸ್ಲೋ, ಯಾರಾದ್ರೂ ನೋಡ್ತೀರಾ?

ಕೆಎ17_ಪೈಥಾನ್:

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ. ದಿನದ ಕೆಲಸ ಅಕೌಂಟ್ಸು, ಕೋಡಿಂಗು ಸಂಜೆ ಹೊತ್ತಿನ ಹವ್ಯಾಸ. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕು, 1.2 ಲೀಟರು, 4 ಸಿಲಿಂಡರು. ಓಬಿಡಿ ಪೋರ್ಟಿಗೆ, ಅಂದ್ರೆ ಗಾಡಿಯ ತೊಂದ್ರೆ ಓದೋ ಸಾಕೆಟ್ಟಿಗೆ, ಬ್ಲೂಟೂತ್ ಇಎಲ್ಎಮ್327 ಅಡಾಪ್ಟರ್ ಹಾಕ್ಕೊಂಡು ಲ್ಯಾಪ್‌ಟಾಪಲ್ಲಿ ಪೈಥಾನ್ ಬರ್ದು ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಜೊತೆ ಮಾತಾಡ್ತಾ ಇದೀನಿ. ರೆಡಿ ಲೈಬ್ರರಿ ಸಿಗುತ್ತೆ ಅಂತ ಗೊತ್ತು, ಆದ್ರೆ ಒಂದೊಂದು ಬೈಟೂ ಎಲ್ಲಿಂದ ಬರ್ತದೆ ಏನು ಹೇಳ್ತದೆ ಅಂತ ನಂಗೆ ಅರ್ಥ ಆಗ್ಬೇಕು, ಅದಕ್ಕೇ ನೇರ ಸೀರಿಯಲ್ ಪೋರ್ಟಿಗೆ ಕಮಾಂಡ್ ಕಳಿಸಿ ಉತ್ತರ ಓದ್ತಾ ಇದೀನಿ.

ಆರ್‌ಪಿಎಮ್, ಸ್ಪೀಡು, ಕೂಲಂಟ್ ಟೆಂಪರೇಚರ್ ಎಲ್ಲಾ ಮೀಟರ್ ಬೋರ್ಡಿಗೆ ಸರಿಯಾಗಿ ಹೊಂದ್ತಾವೆ. ತೊಂದ್ರೆ ಬೇರೆ ಕಡೆ. ಈಗ ಎಂಜಿನ್ ಲೈಟ್ ಹತ್ತಿದೆ, ನನ್ನ ಸಾಫ್ಟ್‌ವೇರಲ್ಲಿ ಕೋಡ್ ಓದಿದ್ರೆ ಪಿ0101 ಅಂತ ಬರುತ್ತೆ, ಅದು ಎಂಜಿನ್ನಿಗೆ ಹೋಗೋ ಗಾಳಿ ಅಳೆಯೋ ಮಾಸ್ ಏರ್‌ಫ್ಲೋ ಸೆನ್ಸರ್‌ದು, ನನ್ನ ಗಾಡೀಲಿ ಆ ಸೆನ್ಸರೇ ಇಲ್ಲ, ಬರೀ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒಳಗಿನ ಗಾಳಿ ಒತ್ತಡ ಅಳೆಯೋದು) ಇರೋದು. ಇನ್ನೊಂದು, ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನ ಎಷ್ಟು ಹೆಚ್ಚು ಕಡಿಮೆ ಮಾಡ್ಕೊಂಡಿದೆ ಅನ್ನೋದು) ಕೇಳಿದ್ರೆ 41 07 9ಇ ಅಂತ ಬರ್ತಾ ಇದೆ, ಹೆಕ್ಸಲ್ಲಿ 9ಇ ಅಂದ್ರೆ 158, ಅದರಲ್ಲಿ 128 ಕಳೆದು 100ರಿಂದ ಗುಣಿಸಿ 128ರಿಂದ ಭಾಗ ಮಾಡಿದ್ರೆ ಪ್ಲಸ್ 23.4 ಪರ್ಸೆಂಟು. ಇಷ್ಟು ದೊಡ್ಡ ನಂಬರ್ ಬರೋದು ನಿಜಾನಾ ಅಥ್ವಾ ಫಾರ್ಮುಲಾ ತಪ್ಪಾ?

ಆಮೇಲೆ ಮೈಲೇಜ್ ಲೆಕ್ಕ. ಮ್ಯಾಪ್, ಇನ್‌ಟೇಕ್ ಟೆಂಪರೇಚರ್, ಆರ್‌ಪಿಎಮ್ ಇಟ್ಕೊಂಡು ಎಂಜಿನ್ ಸೆಕೆಂಡಿಗೆ ಎಷ್ಟು ಗ್ರಾಮ್ ಗಾಳಿ ಎಳ್ಕೊಳ್ತು ಅಂತ ಲೆಕ್ಕ ಹಾಕಿ, 14.7ರಿಂದ (ಒಂದು ಗ್ರಾಮ್ ಪೆಟ್ರೋಲಿಗೆ ಬೇಕಾಗೋ ಗಾಳಿ) ಭಾಗಿಸಿ ಪೆಟ್ರೋಲ್ ಕಂಡುಹಿಡೀತೀನಿ. ಹೈವೇಲಿ ಒಂದೇ ಸ್ಪೀಡಲ್ಲಿ ಹೋಗ್ತಿದ್ರೆ ಲೆಕ್ಕ ಚೆನ್ನಾಗೇ ಬರುತ್ತೆ: 2000 ಆರ್‌ಪಿಎಮ್, ಮ್ಯಾಪ್ 35 ಕಿಲೋಪ್ಯಾಸ್ಕಲ್, ಗಾಳಿ 40 ಡಿಗ್ರಿ, ವಿಇ (ಸಿಲಿಂಡರ್ ಗಾಳಿಯಿಂದ ಎಷ್ಟು ತುಂಬುತ್ತೆ ಅನ್ನೋದು) 80 ಪರ್ಸೆಂಟ್ ಅಂತ ಹಿಡಿದ್ರೆ ಸೆಕೆಂಡಿಗೆ ಸುಮಾರು 6.2 ಗ್ರಾಮ್ ಗಾಳಿ, ಗಂಟೆಗೆ ಸುಮಾರು 2 ಲೀಟರ್ ಪೆಟ್ರೋಲು. ಆದ್ರೆ ಆಕ್ಸಿಲರೇಟರ್ ಒತ್ತಿದ ತಕ್ಷಣ, ಬಿಟ್ಟ ತಕ್ಷಣ ನಂಬರ್‌ಗಳು ಎಲ್ಲೆಲ್ಲಿಗೋ ಹೋಗ್ತಾವೆ. ಮೂರ್ನಾಲ್ಕು ಪಿಐಡಿ (ಒಂದೊಂದು ರೀಡಿಂಗ್ ಕೇಳೋ ನಂಬರ್) ಸುತ್ತು ಹೊಡೆದು ಬರೋದ್ರೊಳಗೆ ಸೆಕೆಂಡ್ ಹತ್ರ ಆಗೋಗಿರ್ತದೆ.

ಕೊನೇದು, ಇದೇ ಸಾಫ್ಟ್‌ವೇರಿಂದ ಮುಂದೆ ಇಸಿಯು ಒಳಗಿನ ಮ್ಯಾಪ್ (ಸೆನ್ಸರ್ ಅಲ್ಲ, ಪೆಟ್ರೋಲ್ ಲೆಕ್ಕದ ಟೇಬಲ್) ತಿದ್ದಿ ಟ್ಯೂನ್ ಮಾಡೋ ತನಕ ಹೋಗ್ಬೇಕು ಅಂತ ಆಸೆ ಐತೆ. ದಾರಿ ಯಾವುದು ಅಂತ ತಿಳಿದೋರು ಹೇಳಿ.


ನೀಲಿತಂತಿ:

ಗುರು ಮೊದ್ಲು ನಿನ್ನ ಪ್ರೋಗ್ರಾಮ್ ಅರ್ಥ ಮಾಡ್ಕೊಂಡಿದ್ದು ಬೇಡ, ಅಡಾಪ್ಟರ್ ಕೊಟ್ಟಿದ್ದು ಹಾಗೇ ಹಾಕು. ಕೋಡ್ ಕೇಳೋ 03 ಕಮಾಂಡ್ ಕಳಿಸಿದಾಗ ವಾಪಸ್ ಬರೋ ಸಾಲು ಏನು? ಜೊತೆಗೆ ಎಟಿ ಡಿಪಿ ಕೊಟ್ಟು ಯಾವ ಪ್ರೋಟೋಕಾಲ್ ಅಂತ ನೋಡಿ ಹೇಳು.


ಕೆಎ17_ಪೈಥಾನ್:

ಪ್ರೋಟೋಕಾಲ್ ಐಎಸ್ಒ 15765-4, ಕ್ಯಾನ್ (ಗಾಡಿ ಒಳಗಿನ ಇಸಿಯುಗಳು ಮಾತಾಡೋ ಜಾಲ) 11 ಬಿಟ್, 500 ಕೆ ಅಂತ ತೋರಿಸ್ತು.
03ಕ್ಕೆ ಉತ್ತರ: 43 01 01 71
43 ಆದ್ಮೇಲೆ ಎರಡೆರಡು ಬೈಟ್ ತಗೊಂಡು ಒಂದೊಂದು ಕೋಡ್ ಮಾಡ್ತೀನಿ. ಮೊದಲ್ನೇದು 01 01, ಅದಕ್ಕೇ ಪಿ0101. ಕೊನೇಲಿ ಒಂಟಿ ಉಳಿಯೋ 71 ಬಿಟ್ಬಿಡ್ತೀನಿ.


ನೀಲಿತಂತಿ:

ಸಿಕ್ತು. ಕ್ಯಾನ್ ಗಾಡಿಗಳಲ್ಲಿ 43 ಆದ್ಮೇಲೆ ಬರೋ ಮೊದಲ ಬೈಟು ಕೋಡ್ ಅಲ್ಲ, ಒಟ್ಟು ಎಷ್ಟು ಕೋಡ್ ಇದೆ ಅನ್ನೋ ಲೆಕ್ಕ. ನಿಂದ್ರಲ್ಲಿ 01, ಅಂದ್ರೆ ಒಂದೇ ಕೋಡು, ಅದು 01 71, ಪಿ0171. ಮಿಕ್ಸ್ಚರ್ ಲೀನ್ ಅಂತ ಅರ್ಥ. ನಿನ್ನ 23.4 ಪರ್ಸೆಂಟ್ ಟ್ರಿಮ್ ಕೂಡ ಅದನ್ನೇ ಹೇಳ್ತಿದೆ, ಪೆಟ್ರೋಲ್ ಸಾಲ್ತಿಲ್ಲ ಅಂತ ಇಸಿಯು ಅಷ್ಟು ಜಾಸ್ತಿ ಸುರೀತಾ ಇದೆ. ನಿನ್ನ ಫಾರ್ಮುಲಾ ಸರಿಯಾಗೇ ಇದೆ.

ಹಳೇ ಕೆ-ಲೈನ್ ಗಾಡಿಗಳಲ್ಲಿ, ಅಂದ್ರೆ ಐಎಸ್ಒ 9141, ಕೆಡಬ್ಲ್ಯೂಪಿ ಇರೋವು, ಈ ಲೆಕ್ಕದ ಬೈಟ್ ಬರಲ್ಲ. ಅಲ್ಲಿ ಸೀದಾ ಮೂರು ಕೋಡಿನ ಜಾಗ, 6 ಬೈಟು, ಖಾಲಿ ಇದ್ರೆ 00 00. ಇಂಟರ್ನೆಟ್ಟಲ್ಲಿ ಸಿಗೋ ತುಂಬ ಉದಾಹರಣೆ ಕೋಡು ಆ ಕಾಲದ್ದು, ಅದನ್ನ ಹಾಗೇ ಕ್ಯಾನ್ ಗಾಡಿಗೆ ಹಾಕಿದ್ರೆ ಇದೇ ಗತಿ. ಇದು ಸಣ್ಣ ವಿಷ್ಯ ಅಲ್ಲ ಕಣೋ, ಯೋಚ್ನೆ ಮಾಡು, ನಿನ್ನ ಗಾಡೀಲಿ ಎರಡು ಕೋಡ್ ಇದ್ದಿದ್ರೆ 43 02 01 71 ಅಂತ ಶುರುವಾಗ್ತಿತ್ತು, ನಿನ್ನ ಪ್ರೋಗ್ರಾಮ್ ಪಿ0201 ಅಂತಿತ್ತು, ಅದು ಒಂದನೇ ಸಿಲಿಂಡರ್ ಇಂಜೆಕ್ಟರ್ ಸರ್ಕ್ಯೂಟಿಂದು. ಗಾಡೀಲಿ ಇಂಜೆಕ್ಟರ್ ಇದ್ದೇ ಇರುತ್ತೆ, ಯಾರಿಗೂ ಅನುಮಾನ ಬರಲ್ಲ, ಸೀದಾ ಹೊಸ ಇಂಜೆಕ್ಟರ್ ತಂದು ಹಾಕ್ಬಿಡ್ತಿದ್ರು. ಇಲ್ದಿರೋ ಸೆನ್ಸರ್ ತೋರಿಸಿದ್ದಕ್ಕೆ ಇದು ಹೊರಗೆ ಬಂತು.

ಮೂರು ಅಥ್ವಾ ಜಾಸ್ತಿ ಕೋಡ್ ಇದ್ರೆ ಒಂದು ಕ್ಯಾನ್ ಫ್ರೇಮಲ್ಲಿ ಹಿಡಿಯಲ್ಲ. ಆಗ ಮೊದ್ಲು 008 ಅಂತ ಉದ್ದ ಬರುತ್ತೆ, ಆಮೇಲೆ 0: ಅಂತ ಒಂದು ಸಾಲು, 1: ಅಂತ ಇನ್ನೊಂದು ಸಾಲು, ಅವನ್ನ ಜೋಡಿಸಿ ಆಮೇಲೇ ಓದ್ಬೇಕು. ಎರಡು ಇಸಿಯು ಉತ್ತರ ಕೊಡೋ ಗಾಡೀಲಿ ಸಾಲುಗಳು ಕಲೆತೂ ಬರ್ತವೆ, ಅದಕ್ಕೆ ಎಟಿ ಎಚ್1 ಹಾಕಿ ಹೆಡರ್ ಆನ್ ಮಾಡ್ಕೋ, ಎಂಜಿನ್ ಇಸಿಯು ಉತ್ತರ ಸಾಮಾನ್ಯವಾಗಿ 7ಇ8 ಇಂದ ಬರುತ್ತೆ, ಬೇರೆದು 7ಇ9 ಹೀಗೆ.

ಸ್ಪೀಡ್ ವಿಷ್ಯಕ್ಕೆ ಬರ್ತೀನಿ. ನಿನ್ನ ಅಡಾಪ್ಟರು ನಕಲಿನೇ ಅಂದ್ಕೋ. ಅಸಲಿ ಇಎಲ್ಎಮ್327 ಚಿಪ್ ಮಾಡ್ತಿದ್ದಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್, ಅವ್ರು 2022ರಲ್ಲಿ ಮುಚ್ಚಿದ್ರು. ಮೊದಲ 1.0 ವರ್ಶನ್ನಿಗೆ ಕಾಪಿ ಪ್ರೊಟೆಕ್ಷನ್ ಹಾಕಿರ್ಲಿಲ್ಲ, ಅಲ್ಲಿಂದ ನಕಲು ಶುರುವಾಯ್ತು. 1.5 ಅಂತ ಬರ್ದಿರೋದಿದ್ರೆ ಕಣ್ಣು ಮುಚ್ಚಿ ನಕಲಿ ಅನ್ನು, ಎಲ್ಮ್ ಅವ್ರು ಆ ನಂಬರ್ ಬಿಡ್ಲೇ ಇಲ್ಲ. ನಕಲಿ ಅಂತ ಬಿಸಾಕ್ಬೇಡ, ಕೆಲಸ ಮಾಡುತ್ತೆ, ಆದ್ರೆ ಒಂದೊಂದ್ರಲ್ಲಿ ಒಂದೊಂದು ಕಮಾಂಡ್ ಇರಲ್ಲ.

ನೀನು ಆರ್‌ಪಿಎಮ್‌ಗೆ 010ಸಿ ಅಂತ ಕೇಳಿದಾಗ ಇಸಿಯು ಉತ್ತರ ಬೇಗ ಬಂದಿರುತ್ತೆ, ಆದ್ರೆ ಇನ್ನೊಂದು ಇಸಿಯು ಏನಾದ್ರೂ ಹೇಳುತ್ತೇನೋ ಅಂತ ಅಡಾಪ್ಟರ್ ಟೈಮ್‌ಔಟ್ ಆಗೋವರೆಗೆ ಕಾಯ್ತಾ ಕೂತಿರುತ್ತೆ. 010ಸಿ1 ಅಂತ ಕಳಿಸು, ಕೊನೇ 1 ಅಂದ್ರೆ ಒಂದೇ ಉತ್ತರ ಸಾಕು ಅಂತ, ಬಂದ ತಕ್ಷಣ ಬಿಟ್ಕೊಡುತ್ತೆ. ಅದು ಒಪ್ಪದಿದ್ರೆ ಎಟಿ ಎಟಿ2 ಹಾಕು, ಕಾಯೋ ಹೊತ್ತು ಕಡಿಮೆ ಆಗುತ್ತೆ. ಇನ್ನೂ ಬೇಕಂದ್ರೆ ಕ್ಯಾನಲ್ಲಿ ಒಂದೇ ಪ್ರಶ್ನೇಲಿ 6 ಪಿಐಡಿ ತನಕ ಕೇಳ್ಬಹುದು, ಆದ್ರೆ ಉತ್ತರ 7 ಬೈಟ್ ಒಳಗೆ ಇರೋ ಹಾಗೆ ನೋಡ್ಕೋ. ಆರ್‌ಪಿಎಮ್ ಮತ್ತೆ ಮ್ಯಾಪ್ ಎರಡೇ ಕೇಳಿದ್ರೆ 41 ಸೇರಿ 6 ಬೈಟು, ಒಂದೇ ಫ್ರೇಮಲ್ಲಿ ಬರುತ್ತೆ. ಮೂರನೇದು ಸೇರಿಸಿದ್ಯಾ, 8 ಆಯ್ತು, ಮತ್ತೆ ತುಂಡು ತುಂಡು. ಗಾಳಿ ಟೆಂಪರೇಚರ್ ಅಷ್ಟು ಬೇಗ ಬದಲಾಗಲ್ಲ, ಅದನ್ನ ಯಾವಾಗಾದ್ರೂ ಒಂದ್ಸಲ ಕೇಳಿದ್ರೆ ಸಾಕು.

ನಿನ್ನ ಮೈಲೇಜ್ ನಂಬರ್ ಕುಣಿಯೋಕೆ ಅಸಲಿ ಕಾರಣ ಇದೇ. ಆಕ್ಸಿಲರೇಟರ್ ಒತ್ತಿದ್ರೆ ಮ್ಯಾಪ್ 30ರಿಂದ 90ಕ್ಕೆ ಕಣ್ಣು ಮಿಟುಕಿಸೋದ್ರೊಳಗೆ ಹೋಗುತ್ತೆ, ನಿನ್ನ ಹತ್ರ ಇರೋ ಆರ್‌ಪಿಎಮ್ ಅರ್ಧ ಸೆಕೆಂಡ್ ಹಿಂದಿಂದು. ಎರಡು ಬೇರೆ ಬೇರೆ ಹೊತ್ತಿನ ನಂಬರ್ ಗುಣಿಸಿದ್ರೆ ಯಾವ ಹೊತ್ತಿನ ಗಾಳಿಯೂ ಬರಲ್ಲ. ಪ್ರತಿ ರೀಡಿಂಗಿಗೂ ಕಳಿಸಿದ ಟೈಮು, ಬಂದ ಟೈಮು ಎರಡೂ ಬರ್ಕೋ, ಮಧ್ಯದ್ದನ್ನ ರೀಡಿಂಗ್ ಟೈಮ್ ಅಂತ ಇಟ್ಕೋ, ಆಮೇಲೆ ಒಂದೇ ಟೈಮಿಗೆ ಇಂಟರ್‌ಪೊಲೇಟ್ ಮಾಡಿ (ಎರಡು ರೀಡಿಂಗ್ ಮಧ್ಯದ ಬೆಲೆ ಅಂದಾಜು ಮಾಡಿ) ಲೆಕ್ಕ ಹಾಕು. ಟೈಮಿಗೆ ಮೊನೋಟಾನಿಕ್ ಕ್ಲಾಕ್ (ಹಿಂದಕ್ಕೆ ಹೋಗದ ಗಡಿಯಾರ) ಬಳಸು, ಲ್ಯಾಪ್‌ಟಾಪ್ ಗಡಿಯಾರ ನೆಟ್ ಸಿಕ್ಕಾಗ ತನ್ನನ್ನ ತಾನು ತಿದ್ಕೊಳ್ಳುತ್ತೆ, ಲಾಗ್ ಮಧ್ಯ ಹಾಗಾದ್ರೆ ಎಲ್ಲಾ ಹಾಳು. ಇನ್ನು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಲ್ಲಿ ಇಳಿಜಾರು ಇಳೀತಿರುವಾಗ ಇಸಿಯು ಇಂಜೆಕ್ಷನ್ನೇ ನಿಲ್ಲಿಸಿರುತ್ತೆ, ನಿನ್ನ ಫಾರ್ಮುಲಾ ಮಾತ್ರ ಪೆಟ್ರೋಲ್ ಖರ್ಚು ತೋರಿಸ್ತಾನೇ ಇರುತ್ತೆ. ಥ್ರಾಟಲ್ ಮುಚ್ಚಿದೆ, ಆರ್‌ಪಿಎಮ್ ಐಡಲ್‌ಗಿಂತ ಚೆನ್ನಾಗಿ ಮೇಲಿದೆ ಅಂದ್ರೆ ಸೊನ್ನೆ ಹಿಡಿ.

14.7 ಕೂಡ ಬದಲಾಯಿಸ್ಬೇಕು. ಈಗ ಬಂಕಲ್ಲಿ ಸಿಗೋದು ಇ20. 20 ಪರ್ಸೆಂಟ್ ಎಥನಾಲ್ ಸೇರಿದ್ರೆ ಆ ಅನುಪಾತ ಸುಮಾರು 13.5ಕ್ಕೆ ಇಳಿಯುತ್ತೆ.


ಹುಬ್ಬಳ್ಳಿ_ಗ್ಯಾರೇಜ್:

ಸಾಫ್ಟ್‌ವೇರ್ ನಮಗ ಬರಂಗಿಲ್ರಿ, ಆದ್ರ ಪಿ0171 ದಿನಾ ನೋಡ್ತೀವಿ, ಅದಕ್ಕ ಬರ್ಯಾಕತ್ತೀನಿ.

ಮ್ಯಾಲಿನ ಅಣ್ಣಾರು ಇ20 ಅಂದಿದ್ದು ಖರೇ ಐತಿ, 2014ರ ಗಾಡಿ ಇ20ಗಂತ ಸೆಟ್ ಆಗಿರಂಗಿಲ್ಲ, ಹಂಗಾಗಿ ಟ್ರಿಮ್ ಸ್ವಲ್ಪ ಪ್ಲಸ್ ಕಡಿ ಹೋಗೂದು ಸಹಜ. ಆದ್ರ ಅದು ಭಾಳ ಅಂದ್ರ 8-9 ಪರ್ಸೆಂಟ್ ತನಕ. 23 ಅಂದ್ರ ಪೆಟ್ರೋಲ್ ಮ್ಯಾಲೆ ಹಾಕಿ ಕೈ ತೊಳ್ಕೊಳ್ಳೂದಲ್ಲ, ಗಾಡ್ಯಾಗ ಏನೋ ಐತಿ.

ನೀವು ಬರದ ಸಾಫ್ಟ್‌ವೇರ್‌ನಾಗ ಒಂದು ಕೆಲಸ ಮಾಡ್ರಿ. ಗಾಡಿ ಪೂರ್ತಿ ಬಿಸಿ ಆದ ಮ್ಯಾಲೆ ಐಡಲ್‌ನಾಗ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡೂ ಟ್ರಿಮ್ ಕೂಡ್ಸಿ ಬರ್ಕೋರಿ. ಆಮ್ಯಾಲೆ 2500ಕ್ಕ ಹಿಡದು ಬರ್ಕೋರಿ. ಆಮ್ಯಾಲೆ ಯಾರನ್ನಾರ ಪಕ್ಕಕ್ಕ ಕುಂದ್ರಿಸಿ ಲ್ಯಾಪ್‌ಟಾಪ್ ಅವರ ಕೈಯಾಗ ಕೊಟ್ಟು, ನೀವು ಸ್ಟೇರಿಂಗ್ ಅಷ್ಟ ನೋಡ್ಕೊಂತ, ನಾಲ್ಕನೇ ಗೇರ್‌ನಾಗ ಏರಿ ಹತ್ತಿಸಿ ಬರ್ಕೋರಿ. ಈ ಮೂರು ನಂಬರ್ ಇದ್ರ ಅರ್ಧ ರೋಗ ಗೊತ್ತಾಗ್ತೈತಿ.

ಮಂದಿ ಲೀನ್ ಕೋಡ್ ಅಂದ್ಕೂಡ್ಲೆ ವ್ಯಾಕ್ಯೂಮ್ ಲೀಕ್ ಅಂತ ಪೈಪ್ ಬದಲಾಯಿಸ್ತಾರ. ಏರ್‌ಫ್ಲೋ ಸೆನ್ಸರ್ ಇರೋ ಗಾಡ್ಯಾಗ ಅದು ಖರೇ, ಸೆನ್ಸರ್ ದಾಟಿ ಕಳ್ಳದಾರಿಲೆ ಬಂದ ಗಾಳಿ ಲೆಕ್ಕಕ್ಕ ಸಿಗಂಗಿಲ್ಲ. ನಿಮ್ಮ ಗಾಡಿ ಮ್ಯಾಪ್ ಸೆನ್ಸರ್‌ದು, ಮ್ಯಾನಿಫೋಲ್ಡ್‌ನಾಗಿನ ಒತ್ತಡ ಅಳೀತೈತಿ, ಯಾವ ಕಡಿಂದ ಗಾಳಿ ಬಂದ್ರೂ ಒತ್ತಡ ಏರ್ತೈತಿ, ಇಸಿಯುಗ ಗೊತ್ತಾಗ್ತೈತಿ, ಅದಕ್ಕ ತಕ್ಕಂಗ ಪೆಟ್ರೋಲ್ ಬಿಡ್ತೈತಿ. ಅಂಥಾ ಗಾಡ್ಯಾಗ ಲೀಕ್ ಇದ್ರ ಹೆಚ್ಚಾಗಿ ಐಡಲ್ ಏರಿರ್ತೈತಿ, ಟ್ರಿಮ್ ಇಷ್ಟು ಹೋಗಂಗಿಲ್ಲ.

ಮ್ಯಾಪ್ ಸೆನ್ಸರ್ ಸುಳ್ಳು ಹೇಳಾಕತ್ತೈತೇನು ಅಂತ ನೋಡೂದು ಭಾಳ ಸರಳ. ಚಾವಿ ಆನ್ ಮಾಡ್ರಿ, ಎಂಜಿನ್ ಚಾಲೂ ಮಾಡಬ್ಯಾಡ್ರಿ, ಮ್ಯಾಪ್ ಓದ್ರಿ. ಆವಾಗ ಅದು ಊರಿನ ಹವಾ ಒತ್ತಡಾನ ತೋರಿಸ್ಬೇಕು. ದಾವಣಗೆರಿ ಸಮುದ್ರದಿಂದ ಸುಮಾರು 600 ಮೀಟರ್ ಎತ್ತರ, 94 ಆಸುಪಾಸು ಬರಬೇಕು. ಬೆಂಗಳೂರಾಗ 91 ಆಸುಪಾಸು, ಮಂಗಳೂರಾಗ 101. ನಿಮ್ಮೂರಾಗ 85 ಬಂತಂದ್ರ ಸೆನ್ಸರ್ ಕಡಿಮಿ ಹೇಳಾಕತ್ತೈತಿ, ಅದರ ಮ್ಯಾಲೆ ಇಸಿಯು ಪೆಟ್ರೋಲ್ ಕಡಿಮಿ ಬಿಡಾಕತ್ತೈತಿ. ಸೆನ್ಸರ್ ಸರಿ ಇದ್ರ ಆಕ್ಸಿಜನ್ ಸೆನ್ಸರ್‌ಕಿಂತ ಮುಂದ ಸೈಲೆನ್ಸರ್ ಪೈಪ್‌ನಾಗ ತೂತು, ಇಲ್ಲಾ ಪೆಟ್ರೋಲ್ ಪ್ರೆಶರ್ ಕಡಿಮಿ, ಇಲ್ಲಾ ಇಂಜೆಕ್ಟರ್ ಕಟ್ಟಿರೂದು.

ಇನ್ನೊಂದು ಮಾತು, ಈಗ ಅವಸರ ಮಾಡಿ ಕೋಡ್ ಅಳಿಸಬ್ಯಾಡ್ರಿ. ಕೋಡ್ ಬಂದ ಹೊತ್ತಿನ್ಯಾಗ ಗಾಡಿ ಹೆಂಗಿತ್ತು ಅಂತ ಇಸಿಯು ಒಂದು ಫ್ರೀಜ್ ಫ್ರೇಮ್ ಇಟ್ಟಿರ್ತೈತಿ. ಕೋಡ್ ಅಳಿಸಿದ್ರ ಅದೂ ಹೋಗ್ತೈತಿ, ಲಾಂಗ್ ಟರ್ಮ್ ಟ್ರಿಮ್‌ನೂ ಹೆಚ್ಚಿನ ಗಾಡ್ಯಾಗ ಸೊನ್ನಿ ಆಗ್ತೈತಿ. ನಮ್ಮ ಕಡೆ ಎಷ್ಟೋ ಗಾಡಿ ಹಂಗ ಬರ್ತಾವ, ಯಾರೋ ಆಗ್ಲೇ ಅಳಿಸಿರ್ತಾರ, ನಾವು ಮೊದಲಿಂದ ಹುಡುಕಬೇಕಾಗ್ತೈತಿ.


ಪದ್ಮಿನಿ_ಮೈಸೂರು:

ಟ್ಯೂನಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ.

ಕಂಪನಿ ಇಸಿಯುಗೆ ಬರೆಯೋದು ಓಬಿಡಿ ಪಿಐಡಿ ಓದೋ ಹಾಗಲ್ಲ. ಅದು ಯುಡಿಎಸ್ ಅಂತ ಬೇರೆಯದೇ ಪ್ರೋಟೋಕಾಲ್, ಬೇರೆಯದೇ ಲೋಕ, ಐಎಸ್ಒ 14229. ಮೊದ್ಲು 27 ಅನ್ನೋ ಸರ್ವಿಸಲ್ಲಿ ಇಸಿಯು ಒಂದು ಸೀಡ್ ಕೊಡುತ್ತೆ, ಅದಕ್ಕೆ ಸರಿಯಾದ ಕೀ ಲೆಕ್ಕ ಹಾಕಿ ವಾಪಸ್ ಕೊಟ್ರೆ ಬಾಗಿಲು ತೆಗೆಯುತ್ತೆ, ಆಮೇಲೆ 34, 36, 37 ಅಂತ ಡೇಟಾ ಇಳಿಸ್ಬೇಕು, ಚೆಕ್‌ಸಮ್ ಹೊಂದ್ಬೇಕು, ಮಧ್ಯ ಬ್ಯಾಟರಿ ವೋಲ್ಟೇಜ್ ಕುಸಿದ್ರೆ ಅಥ್ವಾ ಬ್ಲೂಟೂತ್ ಕಡಿದ್ರೆ ಇಸಿಯು ಏಳದೇ ಇರಬಹುದು. ನಕಲಿ ಅಡಾಪ್ಟರ್ ಇಟ್ಕೊಂಡು ದಿನಾ ಓಡಿಸೋ ಗಾಡಿ ಮೇಲೆ ಖಂಡಿತ ಬೇಡ. ಸುಬಾರು ಗಾಡಿಗಳಿಗೆ ರೋಮ್‌ರೈಡರ್ (RomRaider) ಅಂತ ಓಪನ್ ಸೋರ್ಸ್ ಇದೆ, ಅದು ನಿಂತಿರೋದು ಎಷ್ಟೋ ಜನ ಸೇರಿ ಇಸಿಯುನ ಒಂದೊಂದು ರೋಮ್‌ನಲ್ಲಿ (ROM) ಯಾವ ಟೇಬಲ್ ಯಾವ ವಿಳಾಸದಲ್ಲಿದೆ ಅಂತ ಹುಡುಕಿ ಬರೆದಿಟ್ಟ ಡೆಫಿನಿಶನ್ ಫೈಲುಗಳ ಮೇಲೆ. ಹಾಗೆ ಬರೆದಿಟ್ಟೋರು ಇಲ್ಲದ ಗಾಡೀಲಿ ಆ ಕೆಲಸ ಎಲ್ಲಾ ನಿಮ್ಮ ತಲೆ ಮೇಲೇ.

ಟ್ಯೂನಿಂಗ್ ಕಲೀಬೇಕು ಅಂತ ನಿಜವಾದ ಆಸೆ ಇದ್ರೆ ಸ್ಟ್ಯಾಂಡ್‌ಅಲೋನ್ ಇಸಿಯು (ಕಂಪನಿದು ಬಿಟ್ಟು ನಾವೇ ಹಾಕೋದು) ದಾರಿ ಹಿಡೀರಿ. 2001ರ ಮೆಗಾಸ್ಕ್ವಿರ್ಟ್‌ನಿಂದ ಹವ್ಯಾಸಿಗಳು ಈ ಕಡೆ ಬಂದ್ರು, ಈಗ ಸ್ಪೀಡುಯಿನೊ, ರಸ್‌ಇಎಫ್ಐ ಎರಡೂ ಓಪನ್ ಸೋರ್ಸು. ನಾನು ಹಳೇ ಕಾರ್ಬುರೇಟರ್ ಗಾಡಿಗೆ ಸ್ಪೀಡುಯಿನೊ ಹಾಕಿದೀನಿ, ಅದು ಆರ್ಡುಯಿನೊ ಮೆಗಾ 2560 ಮೇಲೆ ಓಡುತ್ತೆ. ಗಾಡಿಗೆ ಹಾಕೋ ಮುಂಚೆ ಮೇಜಿನ ಮೇಲೇ ಪೂರ್ತಿ ಆಡಿಸ್ಬಹುದು: ಇನ್ನೊಂದು ಆರ್ಡುಯಿನೊಗೆ ಆರ್ಡುಸ್ಟಿಮ್ ಹಾಕಿದ್ರೆ ಅದು 36-1, 60-2 ಥರದ ಕ್ರ್ಯಾಂಕ್ ಸಿಗ್ನಲ್ ಕೊಡುತ್ತೆ, ಇಸಿಯು ಎಂಜಿನ್ ಓಡ್ತಿದೆ ಅಂತಾನೇ ನಂಬುತ್ತೆ, ಇಂಜೆಕ್ಟರ್ ಜಾಗದಲ್ಲಿ ಎಲ್ಇಡಿ ಇಟ್ಟು ನೋಡ್ಬಹುದು. ಬೋರ್ಡು, ಎಲ್ಇಡಿ, ತಂತಿ ಎಲ್ಲಾ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುತ್ತೆ.

ನೀಲಿತಂತಿ ಅವ್ರು ಟೈಮ್ ಬಗ್ಗೆ ಹೇಳಿದ್ದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಟ್ಯೂನಿಂಗಲ್ಲಿ ಅದು ಇನ್ನೂ ದೊಡ್ಡದಾಗಿ ಎದುರಾಗುತ್ತೆ. ವಿಇ ಟೇಬಲ್ ತಿದ್ದೋ ಸೂತ್ರ ಸುಲಭ, ಹಳೇ ವಿಇಯನ್ನ ಅಳೆದ ಎಎಫ್ಆರ್‌ನಿಂದ (ಗಾಳಿ-ಪೆಟ್ರೋಲ್ ಅನುಪಾತ) ಗುಣಿಸಿ ಬೇಕಾದ ಎಎಫ್ಆರ್‌ನಿಂದ ಭಾಗಿಸೋದು. ವಿಇ 50 ಇದ್ದ ಜಾಗದಲ್ಲಿ 14.7 ಬೇಕಿತ್ತು, 15.7 ಬಂತು ಅಂದ್ರೆ ಹೊಸದು 53.4. ಆದ್ರೆ ಸಿಲಿಂಡರಲ್ಲಿ ಉರಿದ ಗ್ಯಾಸು ಪೈಪ್ ದಾಟಿ ಎಎಫ್ಆರ್ ಅಳೆಯೋ ವೈಡ್‌ಬ್ಯಾಂಡ್ ಸೆನ್ಸರ್ ಮುಟ್ಟೋಕೆ ಹೊತ್ತು ಬೇಕು, ಸೆನ್ಸರ್ ಪ್ರತಿಕ್ರಿಯೆ ಕೊಡೋಕೆ ಇನ್ನಷ್ಟು. ಐಡಲಲ್ಲಿ ಆ ತಡ ಜಾಸ್ತಿ, ರೇಸ್ ಮಾಡಿದಾಗ ಕಡಿಮೆ. ಅದನ್ನ ಲೆಕ್ಕಕ್ಕೆ ತಗೊಳ್ದೇ ಆಟೋಟ್ಯೂನ್ ಬರೆದ್ರೆ ಈಗಿನ ರೀಡಿಂಗ್ ನೋಡಿ ಆಗ್ಲೇ ದಾಟಿ ಬಂದ ಸೆಲ್ ಬಿಟ್ಟು ಪಕ್ಕದ ಸೆಲ್ ತಿದ್ದುತ್ತೆ, ಓಡಿಸಿದಷ್ಟೂ ಟೇಬಲ್ ಕೆಡುತ್ತೆ. ಲೋಡ್ ಜಾಸ್ತಿ ಇರೋ ಕಡೆ ಹೀಗೆ ಲೀನ್ ಆಗ್ಬಿಟ್ರೆ ನಾಕಿಂಗ್, ಪಿಸ್ಟನ್‌ಗೇ ಪೆಟ್ಟು. ಗಾಡಿ ಜೊತೆ ಬಂದಿರೋ ಮಾಮೂಲಿ ಆಕ್ಸಿಜನ್ ಸೆನ್ಸರ್ ಇದಕ್ಕೆ ಆಗಲ್ಲ, ಅದು ರಿಚ್ಚೋ ಲೀನೋ ಅಂತಷ್ಟೇ ಹೇಳೋದು.

ಒಂದೇ ಕೋರಿಕೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಅದರ ಕೋಡ್ ಮುಚ್ಚಿಡೋ ಥರದ ಸಾಫ್ಟ್‌ವೇರ್ ಮಾತ್ರ ಬರೀಬೇಡಿ. ಆ ಹೊಗೆ ಕುಡಿಯೋದು ಹಿಂದೆ ಬೈಕಲ್ಲಿ ಬರ್ತಿರೋರು.


ಕೆಎ17_ಪೈಥಾನ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಬರೀತೀರ ಅಂದ್ಕೊಂಡಿರ್ಲಿಲ್ಲ.

ಪಾರ್ಸರ್ ಸರಿ ಆಯ್ತು, ಈಗ ಪ್ರೋಟೋಕಾಲ್ ನೋಡಿ ಲೆಕ್ಕದ ಬೈಟ್ ಇದೆಯಾ ಇಲ್ವಾ ಅಂತ ತೀರ್ಮಾನ ಮಾಡ್ತದೆ, ಪಿ0171 ಅಂತ ಸರಿಯಾಗಿ ಬರ್ತದೆ. 010ಸಿ1 ನನ್ನ ಅಡಾಪ್ಟರ್ ಒಪ್ಕೊಳ್ತು, ಲಾಗ್ ಎಷ್ಟೋ ಪಟ್ಟು ಚುರುಕಾಯ್ತು. ಎರಡು ಪಿಐಡಿ ಒಟ್ಟಿಗೆ ಕೇಳಿದ್ರೆ ಮಾತ್ರ ಬರೀ ಪ್ರಶ್ನೆ ಚಿಹ್ನೆ ಕೊಡ್ತದೆ, ಆ ಕಮಾಂಡು ಇದರಲ್ಲಿ ಇಲ್ಲ ಅನ್ಸುತ್ತೆ. ಇಂಟರ್‌ಪೊಲೇಟ್ ಮಾಡಿದ್ಮೇಲೆ ಮೈಲೇಜ್ ಗ್ರಾಫು ಆಕ್ಸಿಲರೇಟರ್ ಜೊತೆಗೇ ಏರಿ ಇಳೀತದೆ.

ಗ್ಯಾರೇಜ್ ಅಣ್ಣಾರು ಹೇಳಿದ್ದು ಮಾಡ್ದೆ. ಚಾವಿ ಆನ್, ಎಂಜಿನ್ ಆಫ್: ಮ್ಯಾಪ್ 94. ಸೆನ್ಸರ್ ಸರಿ ಐತೆ. ಎರಡೂ ಟ್ರಿಮ್ ಕೂಡಿಸಿದ್ರೆ ಐಡಲಲ್ಲಿ ಪ್ಲಸ್ 10 ಹತ್ರ, 2500ರಲ್ಲಿ 18, ಏರು ಹತ್ತುವಾಗ 27ರ ತನಕ. ಫ್ರೀಜ್ ಫ್ರೇಮ್ ಕೂಡ ಓದ್ದೆ, 02 04 00 ಕೊಟ್ರೆ 42 04 00 ಬಿ5 ಬಂತು, ಬಿ5 ಅಂದ್ರೆ 181, 255ರಲ್ಲಿ 71 ಪರ್ಸೆಂಟ್ ಲೋಡು. ಅಂದ್ರೆ ಕೋಡ್ ಹತ್ತಿದ್ದು ಗಾಡಿ ಎಳೀತಾ ಇದ್ದಾಗ.


ಹುಬ್ಬಳ್ಳಿ_ಗ್ಯಾರೇಜ್:

ಹಂಗಾರ ಪೆಟ್ರೋಲ್ ಸಪ್ಲೈ ಕಡೆ ನೋಡ್ರಿ. ಬೇಕಾದಷ್ಟು ಹೆಚ್ಚು ಆದಂಗ ಕೊರತಿ ಹೆಚ್ಚಾಗಾಕತ್ತೈತಿ. ಸೈಲೆನ್ಸರ್ ಪೈಪ್ ತೂತು ಇದ್ದಿದ್ರ ಐಡಲ್‌ನಾಗ ಹೆಚ್ಚು ತೋರಸ್ತಿತ್ತು. ನಿಮ್ಮೂರಾಗ ಯಾರ ಹತ್ರಾರ ಪ್ರೆಶರ್ ಗೇಜ್ ಇದ್ರ ರೇಲ್‌ಗೆ ಹಚ್ಚಿಸಿ ನೋಡ್ರಿ, ಐಡಲ್‌ನಾಗ ಎಷ್ಟು, ರೇಸ್ ಕೊಟ್ಟಾಗ ಎಷ್ಟು ಬೀಳ್ತೈತಿ. ನಿಮ್ಮ ಗಾಡಿಗೆ ಎಷ್ಟು ಇರಬೇಕು ಅಂತ ಸರ್ವಿಸ್ ಮ್ಯಾನ್ಯುಯಲ್‌ನಾಗ ಇರ್ತೈತಿ. ಗೇಜ್ ಹಚ್ಚೂದು ನೀವ ಮಾಡಬ್ಯಾಡ್ರಿ, ಬಿಸಿ ಎಂಜಿನ್ ಮ್ಯಾಲೆ ಪೆಟ್ರೋಲ್ ಚಿಮ್ಮಿದ್ರ ಬೆಂಕಿ ಹತ್ತತೈತಿ.


ಕೆಎ17_ಪೈಥಾನ್:

ಅಣ್ಣಾ, ಪ್ರೆಶರ್ ನೋಡ್ಸಿದೆ. ಐಡಲಲ್ಲಿ ಮ್ಯಾನ್ಯುಯಲ್‌ಗಿಂತ ಸ್ವಲ್ಪ ಕಡಿಮೆ, ರೇಸ್ ಕೊಟ್ಟಾಗ ಇನ್ನೂ ಚೆನ್ನಾಗಿ ಬೀಳ್ತಾ ಇತ್ತು. ಟ್ಯಾಂಕ್ ಒಳಗಿನ ಪಂಪ್ ಅಸೆಂಬ್ಲಿ ತೆಗೆಸಿದ್ರೆ ಫಿಲ್ಟರ್ ಕಪ್ಪಾಗಿ ಕಟ್ಕೊಂಡಿತ್ತು. ಫಿಲ್ಟರ್ ಬದಲಾಯಿಸಿ, ಫ್ರೀಜ್ ಫ್ರೇಮು ಲಾಗು ಎಲ್ಲಾ ಸೇವ್ ಮಾಡ್ಕೊಂಡ್ಮೇಲೇ ಕೋಡ್ ಅಳಿಸ್ದೆ. ಈಗ ಟ್ರಿಮ್ಮು ಐಡಲ್ಲಾಗ್ಲಿ ಏರಾಗ್ಲಿ ಪ್ಲಸ್ 6-7ರಲ್ಲಿ ನಿಂತಿದೆ, ಇ20 ಲೆಕ್ಕಕ್ಕೆ ಸರಿ ಹೋಗ್ತದೆ.

ಸಾಫ್ಟ್‌ವೇರಲ್ಲಿ ಎರಡು ಬದಲಾವಣೆ ಮಾಡ್ತಾ ಇದೀನಿ. ಫ್ರೀಜ್ ಫ್ರೇಮ್ ಫೈಲಿಗೆ ಬರ್ಕೊಳ್ಳದೆ ಕೋಡ್ ಅಳಿಸೋ ಬಟನ್ ಕೆಲಸಾನೇ ಮಾಡಲ್ಲ. ಇನ್ನೊಂದು, ಅಡಾಪ್ಟರಿಂದ ಬಂದ ಪ್ರತಿ ಸಾಲನ್ನೂ ಹಾಗಾಗೇ ಟೈಮ್ ಸಮೇತ ಉಳಿಸ್ತೀನಿ, ಲೆಕ್ಕ ಎಲ್ಲಾ ಆಮೇಲೆ ಅದರ ಮೇಲೆ. ಟ್ಯೂನಿಂಗ್‌ಗೆ ಸ್ಪೀಡುಯಿನೊ ಬೋರ್ಡ್ ತಗೊಂಡು ಮೇಜಿನ ಮೇಲೆ ಶುರು ಮಾಡ್ತೀನಿ, ಪದ್ಮಿನಿ ಸರ್ ನಿಮಗೆ ಕಾಟ ಕೊಡ್ತೀನಿ ಆಗ.


ನೀಲಿತಂತಿ:

ಹಾಗೆ ಉಳಿಸಿದ ಫೈಲನ್ನೇ ಮತ್ತೆ ಪ್ರೋಗ್ರಾಮಿಗೆ ತಿನ್ಸೋ ಒಂದು ರೀಪ್ಲೇ ಮೋಡ್ ಬರಿ, ಪಾರ್ಸರ್ ಮುಟ್ಟಿದಾಗೆಲ್ಲ ಗಾಡಿ ಹತ್ರ ಓಡೋದು ತಪ್ಪುತ್ತೆ. ಮುಂದೆ ಬ್ಲೂಟೂತ್ ಸಾಕಪ್ಪಾ, ಬೇಡ ಅನ್ಸಿದಾಗ ಇಎಸ್‌ಪಿ32 ತಗೋ, ಕ್ಯಾನ್ ಕಂಟ್ರೋಲರ್ ಒಳಗೇ ಇದೆ, ಹೊರಗೆ ಒಂದು ಎಸ್ಎನ್65ಎಚ್‌ವಿಡಿ230 ಟ್ರಾನ್ಸೀವರ್ ಹಾಕಿದ್ರೆ ಆಯ್ತು. ಆ ಸಣ್ಣ ಟ್ರಾನ್ಸೀವರ್ ಬೋರ್ಡಲ್ಲಿ 120 ಓಮ್ ರೆಸಿಸ್ಟರ್ ಬೆಸುಗೆ ಹಾಕೇ ಕೊಟ್ಟಿರ್ತಾರೆ, ಗಾಡಿಗೆ ಹಾಕೋ ಮುಂಚೆ ಅದನ್ನ ತೆಗಿ. ಗಾಡಿ ಆಫ್ ಮಾಡಿ ಓಬಿಡಿ ಪೋರ್ಟಿನ 6 ಮತ್ತೆ 14ನೇ ಪಿನ್ ಮಧ್ಯ ಮೀಟರ್ ಇಟ್ರೆ 60 ಓಮ್ ಬರ್ಬೇಕು, ನಿನ್ನ ಬೋರ್ಡ್ ಸಿಗಿಸಿದ್ಮೇಲೆ 40 ಆಯ್ತು ಅಂದ್ರೆ ರೆಸಿಸ್ಟರ್ ಇನ್ನೂ ಇದೆ ಅಂತ.


ಹುಬ್ಬಳ್ಳಿ_ಗ್ಯಾರೇಜ್:

ಇದು ಮುಗದ ಮ್ಯಾಲೆ ನಮಗೂ ಒಂದು ಕಾಪಿ ಕೊಡ್ರಿ ಸರ್. ಐಡಲ್, 2500, ಏರಿ, ಈ ಮೂರು ಟ್ರಿಮ್ ಒಂದ ಸ್ಕ್ರೀನ್‌ನಾಗ ಬರೂವಂಗ ಮಾಡ್ರಿ, ಅಕ್ಷರ ಕನ್ನಡದಾಗ ಇರ್ಲಿ, ನಮ್ಮ ಹುಡುಗ್ರು ಓದ್ಕೋತಾರ. ಬಟನ್ ಅಷ್ಟ ದೊಡ್ಡೂ ಇಡ್ರಿ, ಕೈಯಾಗ ಗ್ರೀಸ್ ಇರ್ತೈತಿ.